ಟೆಂಟ್ ಆಪರೇಟರ್ ಮೂಡಲಗಿರಿಯಪ್ಪನವರ ಬಲಗೈ

ನಮ್ಮ ಮಾವ ಮೂಡಲಗಿರಿಯಪ್ಪನವರು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ ಕೈ ಕುಲುಕಿ, ಹಿಡಿದ ಕೈ ಬಿಡದೇ ಹೋದದ್ದರಿಂದಲೇ ಪಾವಗಡದ ಟೆಂಟ್ ಸಿನಿಮಾಕ್ಕೆ ಆ ವರ್ಷ ಲೈಸೆನ್ಸು ಸಿಕ್ಕಿತೆಂದು ಸುತ್ತಲ ನಾಲ್ಕು ತಾಲ್ಲೂಕಿನಲ್ಲೂ ಹೇಳುತ್ತಾರೆ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಹಿಂದಿನ ಮಾತು ಅದು. ಇನ್‌ಸ್ಪೆಕ್ಟರು ಜನರೇಟರ್ ನೋಡಿ, ವೈರು ನೋಡಿ, ಮೂತಿ ಸೊಟ್ಟ ಮಾಡಿಕೊಂಡು ಹೊರಟಿದ್ದರಂತೆ. ಮಾವ ಮರ್ಯಾದೆಗೆಂದು ಕೈ ಚಾಚಿದರು. ಅವರೂ ಚಾಚಿದರು. ಅಲ್ಲಿಗೆ ಎರಡೂ ಕೈ ಸಿಕ್ಕಿಕೊಂಡವು. ಇನ್‌ಸ್ಪೆಕ್ಟರು ಎಳೆದರೆ ಮಾವನ ಬೆರಳು ಬಿಚ್ಚದು. ಮಾವ ಪಾಪ, "ಒಂಚೂರು ತಡೀರಿ ಸಾರ್, ಬುಟ್ಬುಡ್ತದೆ" ಎನ್ನುತ್ತಿದ್ದರೆ, ಟೆಂಟಿನ ಯಜಮಾನ ರೇಣುಕಯ್ಯನವರು ಸಮಯ ನೋಡಿ ಹೇಳಿದರಂತೆ:

"ಸಾರ್, ಎಲ್ರೂ ಕಾಲಿಗೆ ಬೀಳ್ತಾರೆ, ನಮ್ ಆಪರೇಟ್ರು ಕೈಗೆ ಬಿದ್ದವ್ನೆ. ನೀವು ಸೈನ್ ಹಾಕ್ತೀನಿ ಅನ್ನೋಗಂಟ ಬುಡಾಕಿಲ್ಲ ಇವ್ನು."

ಸುತ್ತ ನಿಂತ ಪಾವಗಡದ ಜನ, "ಏಮಯ್ಯಾ, ಚೆಯ್ಯಿ ವದಲಯ್ಯಾ!" ಎಂದು, ಕೈ ಬಿಡಯ್ಯಾ ಎಂದು ತೆಲುಗಿನಲ್ಲಿ ಕೂಗಿ ಸಿಳ್ಳೆ ಹಾಕಿದರು. ಇನ್‌ಸ್ಪೆಕ್ಟರಿಗೂ ನಗು ಬಂತು. ಎಡಗೈಯಲ್ಲಿ ಸೈನ್ ಹಾಕಲು ಬರುವುದಿಲ್ಲವೆಂದು ಅವರೇ ಹೇಳಿದ ಹೊತ್ತಿಗೆ ಮಾವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ಈ ಕತೆಯನ್ನು ನಮ್ಮತ್ತೆ ಸಿದ್ದಗಂಗಮ್ಮ ನನಗೆ ಮೊದಲ ಸಲ ಹೇಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಬೆಳೆದು, ಕಾಲೇಜು ಮುಗಿಸಿ, ಮಧುಗಿರಿ ಹೈಸ್ಕೂಲ್ ಮೇಷ್ಟ್ರು ಜಯರಾಮಯ್ಯನವರನ್ನು ಮದುವೆಯಾಗಿ ಬಂದವಳು ನಾನು. ಮಾವನ ಕೈ ಹಾಗೇಕೆ ಎಂದು ಕೇಳಬೇಕೆಂದು ಆಗ ಹೊಳೆಯಲೇ ಇಲ್ಲ. ಹೊಳೆದದ್ದು ಪಾಪು ಹುಟ್ಟಿದ ಮೇಲೆ.

ಮಾವನ ಊರು ಹುಲಿಕುಂಟೆಯ ಕಡೆ. ಕುರಿ ಕಾಯುವ ಮನೆತನ. ಶಿರಾದಲ್ಲಿ ಟೆಂಟ್ ಹಾಕಿದ್ದಾಗ ಉಣ್ಣೆ ಮಾರಲು ಹೋದವರು ಪಿಕ್ಚರ್ ನೋಡುವ ಬದಲು ಹಿಂದಕ್ಕೆ ತಿರುಗಿ, ಬೆಳಕು ಬರುವ ತೂತನ್ನೇ ನೋಡುತ್ತ ಕೂತರಂತೆ. ಮಾರನೆಯ ದಿನ ಮತ್ತೆ ಹೋದರು. ಉಣ್ಣೆಯ ಕಾಸು ಮನೆಗೆ ಬರಲಿಲ್ಲ, ಮಾವನೂ ಬರಲಿಲ್ಲ. ಮೊದಲು ಟಿಕೆಟ್ ಹರಿಯುವ ಕೆಲಸ, ಆಮೇಲೆ ಜನರೇಟರಿಗೆ ಡೀಸೆಲ್ ಹೊಯ್ಯುವುದು, ಆಮೇಲೆ ರೀಲು ಸುತ್ತುವುದು. ಕೊನೆಗೆ ಪರೀಕ್ಷೆ ಕಟ್ಟಿ ಆಪರೇಟರ್ ಆದರು. ಟೆಂಟು ಒಂದೇ ಊರಿನಲ್ಲಿ ವರ್ಷಗಟ್ಟಲೆ ಇರುವಂತಿಲ್ಲ. ಲೈಸೆನ್ಸು ತೀರುತ್ತಲೇ ಕಿತ್ತು ಇನ್ನೊಂದು ಊರಿಗೆ ಹೋಗಬೇಕು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಮತ್ತೆ ಶಿರಾ. ಕುರಿ ಬಿಟ್ಟರೂ ಮಂದೆ ಹೊಡೆಯುವುದು ತಪ್ಪಲಿಲ್ಲ ಎಂದು ಅತ್ತೆ ಹಂಗಿಸುತ್ತಾರೆ.

ಅವರಿಗೆ ಇಪ್ಪತ್ತು ದಾಟಿದ ಮೇಲೆ ಕೈ ಹೀಗಾಯಿತಂತೆ. ಗಟ್ಟಿಯಾಗಿ ಏನನ್ನಾದರೂ ಹಿಡಿದರೆ ಬಿಡಲು ಹೊತ್ತು ಹಿಡಿಯುತ್ತದೆ. ನೋವಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಸಲೀಸಾಗುತ್ತದೆ. ಅದಕ್ಕೇ ಆಟ ಶುರುವಾಗುವ ಮುಂಚೆ ಪ್ರೊಜೆಕ್ಟರ್ ಮುಂದೆ ನಿಂತು ಎರಡೂ ಮುಷ್ಟಿ ಬಿಚ್ಚುತ್ತಾ ಮುಚ್ಚುತ್ತಾ ಇರುತ್ತಾರೆ. ಮಾಗಿ ಚಳಿಯಲ್ಲಿ ಕೈ ಇನ್ನೂ ಬಿಗಿಯಾದಾಗ, ಪ್ರೊಜೆಕ್ಟರಿನ ದೀಪದ ಗೂಡಿನ ಕೊಳವೆಯಿಂದ ಬರುವ ಬಿಸಿಗೆ ಒಡ್ಡುತ್ತಾರೆ. ಇದು ಪಿಕ್ಚರ್ ಚೆನ್ನಾಗಿ ಓಡಲಿ ಎಂದು ಮಾಡುವ ಪೂಜೆ ಎಂದೇ ಜನ ತಿಳಿದಿದ್ದರು. ಕೊರಟಗೆರೆಯಲ್ಲಂತೂ ಒಬ್ಬಾಕೆ ಮಗನ ಪರೀಕ್ಷೆಗೆ ಮುಂಚೆ ಬಂದು, "ಅಣ್ಣಾ, ಅದೇನೋ ಮಾಡ್ತೀಯಲ್ಲ, ನಮ್ ಹುಡುಗನ ತಲೆ ಮೇಲೂ ಒಂದಪ ಮಾಡಣ್ಣ" ಎಂದು ಕೇಳಿದ್ದಳಂತೆ. ಮಾವ ಮಾಡಿದರು. ಹುಡುಗ ಫೇಲಾದ. ಆದರೂ ಆಕೆಗೆ ಮಾವನ ಮೇಲೆ ನಂಬಿಕೆ ಹೋಗಲಿಲ್ಲ.

ಅವರ ಕೆಲಸದಲ್ಲಿ ನನಗೆ ಇಷ್ಟವಾದದ್ದು ರೀಲು ಅಂಟಿಸುವುದು. ಊರೂರು ಓಡಾಡಿದ ಪಿಕ್ಚರ್ ಹರಿದೇ ಬರುತ್ತಿತ್ತು. ಕೆಟ್ಟ ತುಂಡನ್ನು ಕತ್ತರಿಸಿ, ಎರಡು ತುದಿಯನ್ನೂ ಬ್ಲೇಡಿನಿಂದ ಕೆರೆದು, ತೂತಿಗೆ ತೂತು ಸರಿಯಾಗಿ ಕೂರಿಸಿ, ಅಂಟು ಹಚ್ಚಿ ಒತ್ತಿಹಿಡಿಯಬೇಕು. ಒತ್ತಿಹಿಡಿಯುವುದರಲ್ಲಿ ಮಾವನನ್ನು ಮೀರಿಸುವವರಿಲ್ಲ; ಬಿಡುವುದರಲ್ಲೇ ತೊಂದರೆ.

ಎಪ್ಪತ್ತೇಳು ಎಪ್ಪತ್ತೆಂಟರಲ್ಲಿ ಇರಬೇಕು, ಜಾತ್ರೆಗೀತ್ರೆ ಏನಿಲ್ಲದೆಯೂ ಹುಲಿಕುಂಟೆಯಲ್ಲಿ ಟೆಂಟ್ ಹಾಕಿದ್ದರು. ಆ ಪಿಕ್ಚರಿನಲ್ಲಿ ತೊಟ್ಟಿಲ ಕೂಸು ಸಾಯುವ ಸೀನಿತ್ತು. ಊರಲ್ಲಿ ಮಕ್ಕಳಿಗೆ ದಡಾರ ಎದ್ದಿದ್ದ ಕಾಲ. ಹೆಂಗಸರೆಲ್ಲ ಬಂದು, "ಮೂಡಲಗಿರಿ, ಅದನ್ನ ತೋರುಸ್ಬ್ಯಾಡ ಕಣಪ್ಪ, ಅಪಶಕುನ" ಎಂದರು. ಮಾವ ಆ ಸೀನನ್ನೇ ಕತ್ತರಿಸಿ ಡಬ್ಬಿಯಲ್ಲಿಟ್ಟು ಎರಡು ತುದಿ ಅಂಟಿಸಿದರು. ಪಿಕ್ಚರ್ ಓಡಿತು. ಆದರೆ ಕೂಸು ತೊಟ್ಟಿಲಲ್ಲಿ ನಗುತ್ತಿರುವಾಗಲೇ ತಾಯಿ ಎದೆ ಬಡಿದುಕೊಂಡು ಅಳತೊಡಗಿದಳು. "ಕೂಸು ನಗ್ತಾ ಐತೆ, ಇವ್ಳಿಗೇನು ಬಂದಿರೋದು ರೋಗ?" ಎಂದು ಅದೇ ಹೆಂಗಸರೇ ಬೈದರು. ಊರು ಬಿಡುವಾಗ ತುಂಡನ್ನು ವಾಪಸು ಸೇರಿಸಬೇಕಲ್ಲ, ಅವಸರದಲ್ಲಿ ತಪ್ಪು ಜಾಗಕ್ಕೆ ಸೇರಿಸಿದರು. ಮುಂದೆ ಶಿರಾದಲ್ಲಿ ಕೂಸು ಮೊದಲೇ ಸತ್ತು, ಆಮೇಲೆ ನಾಮಕರಣ ಮಾಡಿಸಿಕೊಂಡಿತು. ಕುರ್ಚಿ ಕ್ಲಾಸಿನಲ್ಲಿದ್ದ ಸಾಬರೊಬ್ಬರು ಎದ್ದು ನಿಂತು, "ಅರೆ ಭಾಯ್, ಬಚ್ಚಾ ಎದ್ದು ಬಂತಲ್ಲ, ಸ್ವೀಟ್ ಹಂಚ್ರಯ್ಯಾ!" ಎಂದು ಕೂಗಿದರಂತೆ.

ಇಂಥ ಮಾವ, ಎಂಬತ್ತನಾಲ್ಕರಲ್ಲಿ ನನ್ನ ಮಗಳು ಹುಟ್ಟಿದಾಗ ಮಾತ್ರ ಹತ್ತಿರ ಬರಲಿಲ್ಲ. ಟೆಂಟ್ ಆಗ ಕೊರಟಗೆರೆಯಲ್ಲಿತ್ತು. ಮಧುಗಿರಿಗೆ ಬಂದಾಗಲೆಲ್ಲ ತೊಟ್ಟಿಲಿಂದ ಮಾರು ದೂರ ನಿಂತು, "ಚೆನ್ನಾಗವ್ಳೇನವ್ವ?" ಎಂದು ಕೇಳಿ, ನೆಲದ ಮೇಲೆ ಬೊಂಬೆ ಇಟ್ಟು ಹೊರಡುತ್ತಿದ್ದರು. ಹೆಣ್ಣು ಕೂಸು ಎಂದು ಅಸಮಾಧಾನವೇ? ನಾನು ಅತ್ತುಕೊಂಡು ಅಮ್ಮನಿಗೆ ಕಾಗದವನ್ನೂ ಬರೆದೆ.

ಅಳುವುದಕ್ಕೆ ಅಷ್ಟರಲ್ಲಿ ಬೇರೆ ಕಾರಣ ಸಿಕ್ಕಿತು. ಪಾಪು ನನ್ನ ಕರಿಮಣಿ ಸರ ಹಿಡಿದರೆ ಬಿಡುತ್ತಿರಲಿಲ್ಲ. ಕೂದಲು ಹಿಡಿದರೆ ಬಿಡುತ್ತಿರಲಿಲ್ಲ. ಬೆರಳು ಕೊಟ್ಟರೆ, ಬಿಡಿಸಿಕೊಳ್ಳಲು ನಾನು ಒಂದೊಂದೇ ಬೆರಳನ್ನು ಬಿಚ್ಚಬೇಕು, ಥೇಟ್ ಮಾವನ ಬೆರಳು ಬಿಚ್ಚುವ ಹಾಗೆ! ಎಳೆ ಮಕ್ಕಳೆಲ್ಲ ಹಾಗೇ ಎಂದರು ಅತ್ತೆ. ಪಕ್ಕದ ಮನೆಯವರೂ ಹಾಗೇ ಎಂದರು. ನನಗೆ ಸಮಾಧಾನವಾಗದೆ ಊರಿನ ಡಾಕ್ಟರ ಹತ್ತಿರ ಎತ್ತಿಕೊಂಡು ಹೋದೆ.

"ಮೂರು ತಿಂಗಳ ಮಗು ಹಿಡಿದದ್ದು ಬಿಡಲ್ಲ ಅಂತ ಬಂದಿದ್ದೀರಾ?" ಎಂದು ಡಾಕ್ಟರು ನಕ್ಕರು. "ಬಿಟ್ಟರೆ ಬನ್ನಿ, ಆಗ ನೋಡೋಣ."

"ಇವಳ ತಾತನಿಗೂ ಹೀಗೇ ಇದೆ, ಡಾಕ್ಟ್ರೇ."

ಅವರ ನಗು ನಿಂತಿತು. ಕೈಯ ಜೊತೆ ಬೇರೇನಾದರೂ ಇದೆಯೇ? ರೆಪ್ಪೆ ಜೋತುಬಿದ್ದಂತಿದೆಯೇ? ಮುಂದಲೆ ಬೇಗ ಬೋಳಾಯಿತೇ? ಅವರ ತಂದೆ ತಾಯಿಗೆ ವಯಸ್ಸಾಗುವ ಮುಂಚೆ ಕಣ್ಣಿಗೆ ಪೊರೆ ಬಂದಿತ್ತೇ? ಎಲ್ಲವೂ ಹೌದು. ಮಾವ ಸದಾ ಅರೆನಿದ್ದೆಯಲ್ಲಿದ್ದಂತೆ ಕಾಣುತ್ತಾರೆ. ಅವರ ತಾಯಿ ನರಸಮ್ಮನವರಿಗೆ ನಲವತ್ತಕ್ಕೇ ಪೊರೆ ಬಂದಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು:

"ನಿಮ್ಮ ಯಜಮಾನರ ಕೈ ಹೇಗಿದೆ?"

ಇದು ಮನೆತನದಲ್ಲಿ ಇಳಿದು ಬರುವ, ನರಕ್ಕೂ ಸ್ನಾಯುವಿಗೂ ಸೇರಿದ ಒಂದು ಕಾಯಿಲೆ ಇರಬಹುದು. ತಾತನಿಂದ ನೇರವಾಗಿ ಮೊಮ್ಮಗಳಿಗೆ ಬರದು. ನಡುವೆ ನಿಮ್ಮ ಯಜಮಾನರಲ್ಲಿ ಇದ್ದರೆ ಮಾತ್ರ ಬರಬಹುದು, ಅದೂ ಅರ್ಧಕ್ಕರ್ಧ. ಬಂದರೆ ಕೆಲವು ಮನೆಗಳಲ್ಲಿ ತಲೆಮಾರಿಂದ ತಲೆಮಾರಿಗೆ ಜೋರಾಗುತ್ತದೆ. ಬೆಂಗಳೂರಿಗೆ ಹೋಗಿ ಮೊದಲು ಮಾವನವರನ್ನು ತೋರಿಸಿ, ಕಾಯಿಲೆ ಅದೇ ಹೌದೋ ಎಂದು ತಿಳಿಯಲಿ, ಆಮೇಲೆ ಯಜಮಾನರನ್ನು ನೋಡುತ್ತಾರೆ ಎಂದರು.

ಅವತ್ತಿನಿಂದ ನಾನು ನಮ್ಮವರ ಕೈಯನ್ನೇ ನೋಡತೊಡಗಿದೆ. ಕಾಫಿ ಲೋಟ ಹಿಡಿದರೆ ಎಷ್ಟು ಹೊತ್ತಾದರೂ ಕೆಳಗಿಡುತ್ತಿರಲಿಲ್ಲ.

"ಯಾಕ್ರೀ, ಲೋಟ ಬಿಡೋಕಾಗ್ತಿಲ್ವಾ?"

"ಕಾಫಿ ಇದೆಯಲ್ಲೇ ಇನ್ನೂ."

ಪೇಪರ್ ಹಿಡಿದರೆ ಕೊಡುತ್ತಿರಲಿಲ್ಲ. ಬಚ್ಚಲಿನ ಬಾಗಿಲ ಚಿಲಕ ಹಿಡಿದು ನಿಂತರೆಂದು ನಾನು ಓಡಿಹೋದರೆ, "ಒಳಗೆ ಅಮ್ಮ ಇದಾಳೆ, ಕಾಯ್ತಾ ಇದೀನಿ" ಎಂದರು. ಆದರೆ ಒಂದು ದಿನ ಅವರೇ ಅಡಿಗೆಮನೆಯ ಮೂಲೆಯಲ್ಲಿ, ಯಾರೂ ನೋಡುತ್ತಿಲ್ಲವೆಂದು, ಮುಷ್ಟಿ ಬಿಗಿದು ಬಿಚ್ಚಿ ನೋಡಿಕೊಳ್ಳುತ್ತಿದ್ದುದನ್ನು ಕಂಡೆ. ಆಮೇಲೆ ನಾನು ಅವರನ್ನು ಗೋಳು ಹೊಯ್ದುಕೊಳ್ಳುವುದು ಬಿಟ್ಟೆ.

ಮಾವ ಮಾತ್ರ ಬೆಂಗಳೂರಿಗೆ ಬರಲೊಲ್ಲರು. ಶಿವರಾತ್ರಿ ಎಂದರು, ಯುಗಾದಿ ಎಂದರು, ಹೊಸ ಪಿಕ್ಚರ್ ಎಂದರು. ನಾನೇ ಪಾಪುವನ್ನು ಕಂಕುಳಲ್ಲಿ ಹಾಕಿಕೊಂಡು, ಅತ್ತೆಯನ್ನೂ ಹೊರಡಿಸಿಕೊಂಡು ಕೊರಟಗೆರೆ ಟೆಂಟಿಗೆ ಹೋದೆ. ಜನರೇಟರ್ ಕೆಟ್ಟು ರಿಪೇರಿಗೆ ಹೋಗಿ, ಆಟ ನಿಂತಿತ್ತು. ಮಾವ ನಡುಹಗಲಲ್ಲಿ ಖಾಲಿ ಟೆಂಟಿನ ನೆಲದ ಮೇಲೆ ಮಲಗಿದ್ದರು.

"ಈಗ ಯಾವ ಪಿಕ್ಚರೂ ಇಲ್ಲವಲ್ಲ ಮಾವ, ಬರಬಹುದಲ್ಲ?"

"ಡಾಕ್ಟ್ರು ಅದ್ಕೊಂದು ಹೆಸ್ರು ಮಡಗ್ತಾರೆ ಕಣಮ್ಮ. ಇಷ್ಟು ದಿನ ಹೆಸ್ರಿಲ್ದೇ ಚೆನ್ನಾಗೇ ಇದ್ವಲ್ಲ, ನಾನೂ ಕೈಯೂ."

ಅತ್ತೆಗೆ ರೇಗಿತು. "ಹೆಸ್ರಿಗೆ ಯಾರು ಹೆದುರ್ತಾರೆ, ನಿಜ ಹೇಳು! ಅಮ್ಮಯ್ಯ, ಇವ್ನು ಕೂಸು ಮುಟ್ಟದೆ ಯಾಕವ್ನೆ ಗೊತ್ತಾ? ತನ್ ಕೈ ಬಿಗ್ಯಾಗಿ ಕೂಸಿನ ತೋಳು ನುಲಿದ್ರೆ ಅಂತ. ಅದಕ್ಕಿಂತ್ಲೂವೆ, ತನ್ದೇ ರೋಗ ಅದಕ್ಕೂ ಬಂದೈತೆ ಅಂತ ಯಾರಾದ್ರೂ ಬಾಯ್ಬುಟ್ಟು ಹೇಳ್ಬುಡ್ತಾರೆ ಅಂತ. ಮನೇಗೆ ಬಂದಾಗೆಲ್ಲ ರಾತ್ರೆಲ್ಲ ಇದೇ ಗೊಣಗ್ತಾನೆ."

ಮಾವ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. "ಮಾವ, ನನಗೂ ಅದೇ ಭಯ. ಒಬ್ಬೊಬ್ಬರೇ ಹೆದರೋ ಬದಲು ಒಟ್ಟಿಗೆ ಹೋಗಿ ಹೆದರೋಣ" ಎಂದೆ.

ಅವರು ಕೊನೆಯ ಗುಂಡಿ ಹಾಕಿಕೊಂಡು, "ಗಾಂಧಿನಗರಕ್ಕೆ ರೀಲ್ ಪೆಟ್ಟಿಗೆ ವಾಪಸ್ ಕೊಡೋದಿತ್ತು. ಅದ್ನೂ ತಗೊಂಡೋಗನ ಬುಡು" ಎಂದರು.

ಮಾರನೆಯ ದಿನ ಬೆಳಿಗ್ಗೆ ಮಧುಗಿರಿಯಿಂದ ನಮ್ಮವರು ಬೆಂಗಳೂರು ಬಸ್ಸಿನಲ್ಲಿ ಬಂದರು. ಕೊರಟಗೆರೆಯಲ್ಲಿ ನಾವು ಅದೇ ಬಸ್ಸು ಹತ್ತಿದೆವು. ಪೆಟ್ಟಿಗೆ ಮೇಲೆ ಹಾಕಲು ನಮ್ಮವರು ಏಣಿ ಹತ್ತಿದರು. ನಾನು ಸೀಟಿಗೆ ಟವೆಲು ಹಾಕಲು ಹೋಗಿ, ಯೋಚಿಸದೆ ಪಾಪುವನ್ನು ಮಾವನ ಎದೆಗೆ ಒತ್ತಿಬಿಟ್ಟೆ. ಅವರು ಎಡಗೈಯಲ್ಲಿ ಅವಚಿಕೊಂಡರು, ಬಲಗೈಯಲ್ಲಿ ಕಂಬಿ ಹಿಡಿದರು. ಬಸ್ಸು ಜಗ್ಗಿತು. ಕೈ ಕಂಬಿಗೆ ಬಿಗಿಯಿತು. ಪಾಪು ಅವರ ಮೀಸೆ ಹಿಡಿದುಕೊಂಡಳು. ಆಗಲೇ ಕಂಡಕ್ಟರ್ ಬಂದ.

"ಟಿಕೆಟ್ ತಗಳಿ ಯಜಮಾನ್ರೇ."

"ಕೈ ಬರಾಕಿಲ್ಲ ಕಣಪ್ಪ."

"ಎಲ್ರೂ ಇಂಗೇ ಅಂತಾರೆ, ಕಾಸ್ ಬಿಚ್ಚಾಕೆ ಯಾರಿಗೂ ಕೈ ಬರಾಕಿಲ್ಲ. ಕಂಬಿ ಬುಡಿ ಮೊದ್ಲು."

"ನಾನು ಕಂಬಿ ಬುಟ್ರೆ, ಇವ್ಳು ಮೀಸೆ ಬುಡ್ಬೇಕಲ್ಲ?" ಎಂದರು ಮಾವ, ಮೂತಿ ಮೇಲೆತ್ತಿಕೊಂಡು. ಬಸ್ಸೆಲ್ಲ ನಕ್ಕಿತು. ಒಬ್ಬ ಅಜ್ಜಿ ಬಂದು ಪಾಪುವಿನ ಬೆರಳು ಬಿಡಿಸಿದರೆ, ಅದು ಅಜ್ಜಿಯ ಮೂಗುಬೊಟ್ಟಿಗೆ ಕೈ ಹಾಕಿತು. ಆ ಗದ್ದಲದಲ್ಲಿ ಮಾವ ಕಂಬಿಯಿಂದ ಕೈ ಬಿಡಿಸಿಕೊಂಡು ಕೂತರು. ಆದರೆ ಕೂಸನ್ನು ವಾಪಸು ಕೊಡಲಿಲ್ಲ. ಬೆಂಗಳೂರು ಬರುವವರೆಗೂ ಅವರ ತೊಡೆಯ ಮೇಲೆಯೇ ಇದ್ದಳು.

ಆಸ್ಪತ್ರೆಯ ನರದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮಾವನ ಕೈ ಕುಲುಕಿದವರೇ, ಅದು ಬಿಡುವವರೆಗೂ ಗಡಿಯಾರ ನೋಡುತ್ತ ಖುಷಿಯಾಗಿ ನಿಂತರು. ಹೆಬ್ಬೆರಳ ಬುಡಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದಾಗ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು, ಅವಸರವಿಲ್ಲದೆ ವಾಪಸು ಬಂತು. ಆಮೇಲೆ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಮೆಷೀನಿಗೆ ಸೇರಿಸಿದರು. ಸ್ನಾಯುವಿನೊಳಗಿನ ವಿದ್ಯುತ್ತು ಸ್ಪೀಕರಿನಲ್ಲಿ ಸದ್ದಾಗಿ ಕೇಳಿಸುತ್ತದಂತೆ. ಡುರ್‌ರ್‌ರ್ ಎಂದು ಏರುತ್ತ, ಇಳಿಯುತ್ತ, ಮೋಟಾರ್ ಸೈಕಲ್ ಓಡಿಸಿದಂತೆ ಸದ್ದು ಬಂತು.

"ಸಾರ್, ನಮ್ ಜನರೇಟರ್ ಇಲ್ಲೈತಲ್ಲ!" ಎಂದರು ಮಾವ. "ರಿಪೇರಿಗೆ ತುಮಕೂರಿಗೆ ಕಳ್ಸಿದ್ವಿ."

ಡಾಕ್ಟರು ನಕ್ಕು ಕೆಲಸ ಏನೆಂದು ಕೇಳಿದರು. ಆಪರೇಟರ್ ಎಂದು ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಕಾಯಿಲೆ ಅದೇ, ಸಂಶಯವಿಲ್ಲ ಎಂದರು. ಯಾಕೆ ಬರುತ್ತದೆ ಎಂದು ನಾನು ಕೇಳಿದೆ.

"ನಿಜ ಹೇಳಬೇಕೆಂದರೆ ಯಾರಿಗೂ ಗೊತ್ತಿಲ್ಲಮ್ಮ. ಆದರೆ ಈಚೆಗೆ ಒಂದು ವಿಷಯ ತಿಳಿದಿದೆ. ನಿಮ್ಮ ಮಾವನವರಿಗೆ ಸುಲಭವಾಗಿ ಅರ್ಥ ಆಗುತ್ತೆ. ಮೈಯಲ್ಲಿರೋ ಒಂದೊಂದು ಜೀವಕೋಶದಲ್ಲೂ ಒಂದು ಮೂಲ ಪ್ರತಿ ಇರುತ್ತೆ, ತಂದೆ ತಾಯಿಂದ ಬಂದದ್ದು. ಅದನ್ನ ಹೊರಗೆ ತೆಗೆಯಲ್ಲ. ಬೇಕಾದ ಭಾಗದ ಒಂದು ಪ್ರಿಂಟ್ ಹಾಕುತ್ತೆ. ಆ ಪ್ರಿಂಟಿಗೆ ಆರ್‌ಎನ್‌ಎ ಅಂತ ಹೆಸರು. ಪ್ರಿಂಟಿನ ನಡುನಡುವೆ ಬೇಡದ ತುಂಡುಗಳು ಇರುತ್ತವೆ. ಅವನ್ನ ಕತ್ತರಿಸಿ ಬಿಸಾಕಿ, ಉಳಿದದ್ದನ್ನ ಅಂಟಿಸಿ, ಆಮೇಲೇ ಕೆಲಸಕ್ಕೆ ಕಳಿಸುತ್ತೆ. ಆ ಪ್ರಿಂಟ್ ನೋಡಿಕೊಂಡೇ ನರ, ಸ್ನಾಯು ಎಲ್ಲಾ ತಯಾರಾಗೋದು."

ಮಾವ ಸೂಜಿ ಚುಚ್ಚಿದ ಕೈಯನ್ನು ಮರೆತು ಮುಂದಕ್ಕೆ ಬಾಗಿದರು. "ಕತ್ತರ್ಸೋದು ಎಡವಟ್ಟಾದ್ರೆ?"

"ಅದೇ ಕಾಯಿಲೆ. ಒಂದು ಜಾತಿಯ ರಕ್ತಹೀನತೆ ಹಾಗೇ ಬರುತ್ತೆ ಅಂತ ಸಾಬೀತಾಗಿದೆ. ನರದ ಕಾಯಿಲೆಗಳಲ್ಲೂ ಕೆಲವು ಹಾಗೇ ಇರಬಹುದು ಅಂತ ನನ್ನ ಅನುಮಾನ. ನಿಮ್ಮದೂ ಅದೇ ಅಂತ ಹೇಳಲಾರೆ. ಹುಡುಕ್ತಾ ಇದಾರೆ."

"ಅಂಗಾರೆ ಮೂಲ ಪ್ರಿಂಟು ಸರ್ಯಾಗೇ ಐತೆ, ಒಳಗಿರೋ ಆಪರೇಟ್ರು ನಿದ್ದೆ ಹೊಡ್ದವ್ನೆ ಅನ್ನಿ."

"ಅಲ್ಲ, ಅಲ್ಲ. ಮೂಲದಲ್ಲೂ ಒಂದು ತಪ್ಪು ಇರುತ್ತೆ. ಇಲ್ಲಿ ಕತ್ತರಿಸು ಅನ್ನೋ ಗುರುತೇ ಅಳಿಸಿರುತ್ತೆ ಅಂತಿಟ್ಕೊಳ್ಳಿ. ಆಪರೇಟರ್ ಏನು ಮಾಡ್ತಾನೆ? ಮೂಲದಲ್ಲಿ ತಪ್ಪಿಲ್ಲದಿದ್ದರೆ ಮಕ್ಕಳಿಗೆ ಹೋಗೋದೇ ಇಲ್ಲವಲ್ಲ."

ಮಾವ ತಲೆಯಾಡಿಸಿದರು. ಹುಲಿಕುಂಟೆಯ ಸತ್ತು ಎದ್ದ ಕೂಸಿನ ಕತೆಯನ್ನು ಪೂರ್ತಿ ಹೇಳಿದರು. ಡಾಕ್ಟರು ಕಣ್ಣೀರು ಬರುವಷ್ಟು ನಕ್ಕರು, ನರ್ಸನ್ನು ಕರೆದು ಇನ್ನೊಮ್ಮೆ ಹೇಳಿಸಿದರು. ನಾನೊಬ್ಬಳೇ ನಗಲಿಲ್ಲ. 'ಮಕ್ಕಳಿಗೆ ಹೋಗುತ್ತೆ' ಎಂಬ ಮಾತೇ ಕಿವಿಯಲ್ಲಿ ಕೂತಿತ್ತು.

ಆಮೇಲೆ ನಮ್ಮವರ ಸರದಿ. ಮೊದಲು ಕಣ್ಣು ನೋಡಿದರು. ಹೆಬ್ಬೆರಳು ಕುಟ್ಟಿದರು. ಕೊನೆಗೆ ಸೂಜಿ ಹಾಕಿ, "ಕೈ ಸಡಿಲ ಬಿಡಿ" ಎಂದರು. ನಾನು ಪಾಪುವನ್ನು ಅವಚಿಕೊಂಡು ಸ್ಪೀಕರನ್ನೇ ನೋಡುತ್ತಿದ್ದೆ. ಸೂಜಿ ಹೊಕ್ಕಾಗ ಒಮ್ಮೆ ಚರ್ರೆಂದಿತು. ಆಮೇಲೆ ಏನೂ ಇಲ್ಲ. ಡಾಕ್ಟರು ಸೂಜಿಯನ್ನು ಅತ್ತಿತ್ತ ಸರಿಸಿದರು. ಏನೂ ಇಲ್ಲ. ತೋಳಿಗೆ ಹಾಕಿದರು, ಕಾಲಿಗೆ ಹಾಕಿದರು.

ಬಾಗಿಲಲ್ಲಿ ನಿಂತಿದ್ದ ಮಾವನಿಗೆ ತಡೆಯಲಾಗಲಿಲ್ಲ. ಟೆಂಟಿನಲ್ಲಿ ಸದ್ದು ನಿಂತರೆ ಜನ ಬೆಂಚು ಮುರಿಯುವುದನ್ನು ಕಂಡವರು ಅವರು.

"ಸಾರ್! ಸೌಂಡು ಹೊಂಟೋಯ್ತು! ವೈರು ನೋಡಿ ಸಾರ್!" ಎಂದು ನುಗ್ಗಿಬಂದು ಸ್ಪೀಕರಿಗೆ ಕೈ ಹಾಕಿ, ಅದರ ಹಿಡಿಯನ್ನು ಹಿಡಿದೇಬಿಟ್ಟರು.

"ಯಜಮಾನರೇ, ವೈರು ಸರಿಯಾಗಿದೆ" ಎಂದರು ಡಾಕ್ಟರು. "ಸೌಂಡ್ ಬರಬಾರದು. ಸುಮ್ಮನಿರೋ ಸ್ನಾಯು ಸುಮ್ಮನೇ ಇರಬೇಕು. ನಿಮ್ಮ ಮಗನಲ್ಲಿ ಕಾಯಿಲೆಯ ಗುರುತು ಒಂದೂ ಕಾಣ್ತಾ ಇಲ್ಲ."

"ಅಂದ್ರೆ ಪಾಪು?" ಎಂದೆ ನಾನು.

"ತಂದೆಯಲ್ಲಿ ಇಲ್ಲದ್ದು ಮಗುವಿಗೆ ಎಲ್ಲಿಂದ ಬರಬೇಕಮ್ಮ? ನೂರಕ್ಕೆ ನೂರು ಅನ್ನೋ ಪರೀಕ್ಷೆ ಇನ್ನೂ ಬಂದಿಲ್ಲ, ನಿಜ. ಆದರೆ ಈ ವಯಸ್ಸಿಗೆ ಕಣ್ಣು, ಕೈ, ಮೆಷೀನು ಮೂರೂ ಶುದ್ಧವಾಗಿದ್ದರೆ ನಾನಂತೂ ಹೆದರಲ್ಲ. ಮಗು ಹಿಡಿದದ್ದು ಬಿಡದಿರೋದು ವಯಸ್ಸಿನ ಗುಣ."

ನಮ್ಮವರು ಮಂಚದ ಮೇಲೆ ಮಲಗಿದ್ದಂತೆಯೇ ಕಣ್ಣು ಮುಚ್ಚಿಕೊಂಡರು. ಮಾವ ಮಾತ್ರ ಸ್ಪೀಕರ್ ಹಿಡಿದು ನಿಂತೇ ಇದ್ದರು.

"ಬಿಡಿ ಮಾವ" ಎಂದೆ.

"ಬುಡಕ್ಕಾದ್ರೆ ಬುಡ್ತಿರ್ಲಿಲ್ವೇನವ್ವ" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ಡಾಕ್ಟರು ಮಾವನ ಹೃದಯವನ್ನೂ ಪರೀಕ್ಷೆ ಮಾಡಿ, ಈ ಕಾಯಿಲೆಯಲ್ಲಿ ಗುಂಡಿಗೆಯ ಬಡಿತ ಏರುಪೇರಾಗಬಹುದು, ಈಗೇನೂ ಇಲ್ಲ, ಆದರೆ ವರ್ಷಕ್ಕೊಮ್ಮೆ ಬಂದು ತೋರಿಸಲೇಬೇಕು ಎಂದರು. ಮಾವ ಒಪ್ಪಿಕೊಂಡು ಹೊರಟರು. ಗಾಂಧಿನಗರದಲ್ಲಿ ಪೆಟ್ಟಿಗೆ ಕೊಟ್ಟು ಹೊಸ ಪಿಕ್ಚರಿನ ಪೆಟ್ಟಿಗೆ ತರುವಾಗ, ಅದರಲ್ಲಿ ಕೂಸು ಸಾಯುವ ಸೀನು ಇದೆಯೇ ಎಂದು ನಾನು ಗುಟ್ಟಾಗಿ ವಿಚಾರಿಸಿಕೊಂಡೆ. ಇರಲಿಲ್ಲ.

ಈಗ ಪಾಪುವಿಗೆ ವರ್ಷ ದಾಟಿದೆ. ಹಿಡಿಯುವುದು ಮುಗಿದು ಎಸೆಯುವ ಕಾಲ ಬಂದಿದೆ. ಚಮಚ, ಬಟ್ಟಲು, ಅವರಪ್ಪನ ಕನ್ನಡಕ, ಕೈಗೆ ಕೊಟ್ಟದ್ದೆಲ್ಲ ಮರುಕ್ಷಣ ಅಂಗಳದಲ್ಲಿರುತ್ತದೆ. ಟೆಂಟ್ ಈ ಸಲ ಮಧುಗಿರಿಯಲ್ಲೇ ಇರುವುದರಿಂದ ಮಾವ ಹಗಲೆಲ್ಲ ಮನೆಯಲ್ಲೇ. ಅವಳು ಎಸೆಯುತ್ತಾಳೆ, ಅವರು ಎತ್ತಿಕೊಡುತ್ತಾರೆ. ಕೊಡುವಾಗ ಅವರ ಕೈ ಬಿಡುವುದು ತಡವಾದರೆ ಅವಳಿಗೆ ರೇಗುತ್ತದೆ, ಕಿರುಚುತ್ತಾಳೆ.

"ಮಾವ, ಇವಳು ಇಷ್ಟೊಂದು ಎಸೀತಾಳಲ್ಲ, ಕೈಯಲ್ಲಿ ಹಿಡಿತವೇ ಇಲ್ಲವೇನೋ. ಒಂದ್ಸಲ ಡಾಕ್ಟ್ರಿಗೆ..."

"ಲೇ ಸಿದ್ದಗಂಗಿ, ಬಾರೇ ಇಲ್ಲಿ!" ಎಂದು ಮಾವ ಅಡಿಗೆಮನೆಯತ್ತ ಕೂಗಿದರು. "ನಿನ್ ಸೊಸೆಗೆ ಹೆದ್ರಾಕೆ ಹೊಸಾದು ಸಿಕ್ತು!"